ಬೇತಾಳ, ವ್ಯಾಂಪೈರ್ ಮತ್ತು ನಮ್ಮ ನಗು
(ಪ್ರೇಕ್ಷಕರ ಅಭಿಪ್ರಾಯಗಳ ಒಂದು ಸಣ್ಣ ಅಧ್ಯಯನ)

— ಒಬ್ಬ ವಾಣಿಜ್ಯ ವಿದ್ಯಾರ್ಥಿ, ಗೋರ್ವಾ, ವಡೋದರಾ

2025ರ ದೀಪಾವಳಿ ರಜೆ ಮುಗಿದ ಮೇಲೆ ನಮ್ಮ ಕನ್ನಡ ಬಳಗದ ಮೊದಲ ಸಭೆ ಸೇರಿದಾಗ, ಅಂದಿನ ವಿಷಯ ವಚನ ಸಾಹಿತ್ಯ ಅಂತ ಗೊತ್ತಾಗಿತ್ತು. ಆದರೆ ಮೊದಲ ಅರ್ಧ ಗಂಟೆ ಮಾತು ನಡೆದದ್ದು ಒಂದು ಹಿಂದಿ ಸಿನಿಮಾದ ಮೇಲೆ. ಒಬ್ಬರು ‘ಬಹಳ ಚೆನ್ನಾಗಿದೆ’ ಎಂದರು. ಇನ್ನೊಬ್ಬರು ‘ಬರೀ ತಲೆನೋವು’ ಎಂದರು. ಯಾಕೆ ಅಂತ ಕೇಳಿದರೆ ಇಬ್ಬರ ಹತ್ತಿರವೂ ಉತ್ತರವಿಲ್ಲ! ದನಿ ಏರಿತು, ಚಹಾ ಆರಿತು. ಕೊನೆಗೆ ಸಂಪಾದಕರು ನನ್ನ ಕಡೆ ತಿರುಗಿ, “ನೀನು ಯಾರ್ಯಾರ ಹತ್ತಿರ ಕೇಳಿದ್ದೀಯೋ ಅದನ್ನೆಲ್ಲ ಬರೆದು ಕೊಡು, ಮುಂದಿನ ಸಂಚಿಕೆಗೆ ಆಗುತ್ತೆ” ಅಂದರು.

ನಾನು ಬಿ.ಕಾಂ. ಓದುವವನು. ಹತ್ತನೇ ತರಗತಿಯವರೆಗೆ ಹಾವೇರಿ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಲ್ಲಿ ಗೋರ್ವಾದಲ್ಲಿರುವ ಚಿಕ್ಕಪ್ಪನ ಮನೆಗೆ ಬಂದವನು. ವಿಮರ್ಶೆ ನನ್ನ ಪಾಠವಲ್ಲ. ಆದರೆ ಲೆಕ್ಕ ಬರೆಯುವುದು ನನ್ನ ಪಾಠ. ಒಂದು ಕಡೆ ಜಮಾ ಬಿದ್ದರೆ ಇನ್ನೊಂದು ಕಡೆ ಖರ್ಚು ಬೀಳಲೇಬೇಕು ಅನ್ನೋದು ನಮಗೆ ಮೊದಲ ದಿನವೇ ಹೇಳಿಕೊಟ್ಟದ್ದು. ಹೆದರಿಕೆ ಮತ್ತು ನಗು ಎರಡನ್ನೂ ಮಾರುವ ಸಿನಿಮಾಕ್ಕೂ ಇಂಥ ಒಂದು ಲೆಕ್ಕ ಇದೆಯೇ ಅಂತ ನೋಡುವುದು ಈ ಲೇಖನದ ಉದ್ದೇಶ.

1. ಚಿತ್ರ ಯಾವುದು?

ಚಿತ್ರದ ಹೆಸರು ‘ಥಾಮಾ’. ಬಿಡುಗಡೆಯಾದದ್ದು 2025ರ ಅಕ್ಟೋಬರ್ 21. ನಿರ್ದೇಶಕರು ಆದಿತ್ಯ ಸರ್ಪೋತದಾರ್. ‘ಸ್ತ್ರೀ’ (2018), ‘ಭೇಡಿಯಾ’ (2022), ‘ಮುಂಜ್ಯಾ’ (2024), ‘ಸ್ತ್ರೀ 2’ (2024) ಇವುಗಳ ಸಾಲಿನಲ್ಲಿ ಇದು ಐದನೆಯದು. ಈ ಸಾಲಿನ ಎಲ್ಲ ಚಿತ್ರಗಳೂ ಹಾಸ್ಯ ಮತ್ತು ಭಯ ಕಲೆಸಿದವು. ಒಂದರ ದೆವ್ವ ಇನ್ನೊಂದರಲ್ಲಿ ಬಂದು ಮುಖ ತೋರಿಸಿ ಹೋಗುವುದೂ ಉಂಟು.

ಕಥೆ ಇಷ್ಟು. ಆಲೋಕ್ (ಆಯುಷ್ಮಾನ್ ಖುರಾನಾ) ಒಬ್ಬ ಪತ್ರಕರ್ತ. ಕಾಡಿನಲ್ಲಿ ಕರಡಿಯ ಬಾಯಿಗೆ ಸಿಗುವವನಿದ್ದಾಗ ತಾಡಕಾ ಎಂಬ ಹುಡುಗಿ ಅವನನ್ನು ಉಳಿಸುತ್ತಾಳೆ. ಆಕೆ ಮನುಷ್ಯಳಲ್ಲ, ಬೇತಾಳ ಕುಲದವಳು. ಈ ಪಾತ್ರ ಮಾಡಿದವರು ನಮ್ಮ ಕೊಡಗಿನ ವಿರಾಜಪೇಟೆಯ ರಶ್ಮಿಕಾ ಮಂದಣ್ಣ. ಬೇತಾಳಗಳು ರಕ್ತ ಕುಡಿಯುವ ಜಾತಿ, ಆದರೆ ಮನುಷ್ಯರ ರಕ್ತ ಮುಟ್ಟುವುದಿಲ್ಲ ಅಂತ ವ್ರತ ಹಿಡಿದಿವೆ. ವ್ರತ ಮುರಿದ ಯಕ್ಷಾಸನ್ (ನವಾಜುದ್ದೀನ್ ಸಿದ್ದಿಕಿ) ಸೆರೆಯಲ್ಲಿದ್ದಾನೆ. ಮುಂದೆ ಆಲೋಕನೇ ಬೇತಾಳನಾಗುತ್ತಾನೆ. ಮಗನ ಬಾಯಲ್ಲಿ ಕೋರೆಹಲ್ಲು ಬಂದರೆ ಮಧ್ಯಮ ವರ್ಗದ ಅಪ್ಪ (ಪರೇಶ್ ರಾವಲ್) ಏನು ಮಾಡಬೇಕು? ನಗುವೆಲ್ಲ ಬಹುಮಟ್ಟಿಗೆ ಅಲ್ಲಿಂದ ಹುಟ್ಟುತ್ತದೆ.

ಈ ಬೇತಾಳಗಳ ಮೂಲಕ್ಕೆ ಚಿತ್ರದಲ್ಲಿ ರಕ್ತಬೀಜನ ಪುರಾಣ ಕಟ್ಟಿದ್ದಾರೆ. ರಕ್ತಬೀಜನ ರಕ್ತದ ಪ್ರತಿ ಹನಿಯಿಂದ ಇನ್ನೊಬ್ಬ ರಾಕ್ಷಸ ಹುಟ್ಟುತ್ತಿದ್ದ. ಕಾಳಿ ಆ ರಕ್ತ ನೆಲಕ್ಕೆ ಬೀಳದಂತೆ ಕುಡಿದಳು ಅಂತ ದೇವೀ ಮಾಹಾತ್ಮ್ಯದ ಕಥೆ. ವಡೋದರಾದಿಂದ ಸುಮಾರು 50 ಕಿ.ಮೀ. ದೂರದಲ್ಲೇ ಪಾವಾಗಢದ ಮಹಾಕಾಳಿ ಬೆಟ್ಟ ಇದೆ. ಈ ಊರಿನ ಪ್ರೇಕ್ಷಕರಿಗೆ ಆ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ನೋಡಿದ ಆಟದಲ್ಲಿ ಕಾಳಿಯ ಮಾತು ಬಂದಾಗ ಅಲ್ಲಿಯವರೆಗೆ ಸಿಳ್ಳೆ ಹಾಕುತ್ತಿದ್ದ ಮುಂದಿನ ಸಾಲು ಸುಮ್ಮನಾಯಿತು.

2. ಮೊದಲನೇ ಅಭಿಪ್ರಾಯ: ಪೈಸಾ ವಸೂಲ್

ಗುಜರಾತಿನಲ್ಲಿ ದೀಪಾವಳಿಯ ಹಿಂದಿನ ಕಾಳಿ ಚೌದಸ್‌ ದಿನ ಮನೆಯಲ್ಲಿ ವಡೆ ಕರಿದು, ನಾಲ್ಕು ರಸ್ತೆ ಸೇರುವಲ್ಲಿ ಇಟ್ಟು, ಸುತ್ತಲೂ ನೀರು ಬಿಟ್ಟು ಹಿಂತಿರುಗಿ ನೋಡದೆ ಬರುತ್ತಾರೆ. ಮನೆಯ ‘ಕಕಳಾಟ್’, ಅಂದರೆ ಜಗಳ, ಪೀಡೆ, ಹೊರಗೆ ಹೋಗಲಿ ಅಂತ. ನಮ್ಮ ಓಣಿಯ ಚೌಕದಲ್ಲೂ ಆ ರಾತ್ರಿ ವಡೆಗಳು ಬಿದ್ದಿದ್ದವು. ಹಾಗೆ ವಡೆ ಇಟ್ಟು ಬಂದ ನನ್ನ ತರಗತಿಯ ಗೆಳೆಯನೇ, ಅದೇ ವಾರ ಗೋರ್ವಾ ರಸ್ತೆಯ ಮಾಲಿನಲ್ಲಿ ನನ್ನ ಪಕ್ಕ ಕೂತು ದೆವ್ವ ಕಂಡಾಗಲೆಲ್ಲ ಕೇಕೆ ಹಾಕಿ ನಕ್ಕ. ಹೊರಗೆ ಬಂದು “ಮಜಾ ಆವಿ! ಪೈಸಾ ವಸೂಲ್” ಅಂದ.

“ಹೆದರಿಕೆ ಆಯಿತಾ?” ಅಂತ ಕೇಳಿದೆ.

“ಇಲ್ಲ.”

“ಮತ್ತೆ ವಡೆ ಯಾಕೆ ಇಟ್ಟೆ?”

“ಅದು ಬೇರೆ, ಇದು ಬೇರೆ” ಅಂದ. ತೋಳಮನುಷ್ಯ ‘ಭೇಡಿಯಾ’ ಬಂದು ಆಲೋಕನ ಜೊತೆ ಹೊಡೆದಾಡಿದ್ದೇ ಅವನಿಗೆ ಎಲ್ಲಕ್ಕಿಂತ ಖುಷಿ ಕೊಟ್ಟಿತ್ತು. ಅವನು ಬಂದದ್ದು ದೆವ್ವಕ್ಕಲ್ಲ, ಗುರುತಿನವರನ್ನು ನೋಡಲಿಕ್ಕೆ. ಜಾತ್ರೆಗೆ ಹೋಗುವ ಹಾಗೆ. ಇಂಥ ಪ್ರೇಕ್ಷಕರನ್ನು ಕೀಳಾಗಿ ಕಾಣಬೇಕಿಲ್ಲ. ಟಿಕೆಟ್ಟಿನ ಮುಕ್ಕಾಲು ಪಾಲು ಇವರೇ ಕೊಳ್ಳುವವರು ಅಂತ ನನಗೆ ಅನ್ನಿಸುತ್ತದೆ. ಆದರೆ ‘ಅದು ಬೇರೆ, ಇದು ಬೇರೆ’ ಅನ್ನುವ ಅವನ ಮಾತನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

3. ಎರಡನೇ ಅಭಿಪ್ರಾಯ: ‘ಆಗಿನ ದೆವ್ವ ದೆವ್ವದಂಗಿತ್ತು’

ಚಿಕ್ಕಪ್ಪ ಇಲ್ಲಿಯ ಕೈಗಾರಿಕಾ ಎಸ್ಟೇಟಿನಲ್ಲಿ ಲೇಥ್ ಮೇಲೆ ಕೆಲಸ ಮಾಡುವವರು. ಹುಡುಗರಾಗಿದ್ದಾಗ ಹುಬ್ಬಳ್ಳಿಯಲ್ಲಿ ರಾಮ್ಸೆ ಸಹೋದರರ ‘ಬಂದ್ ದರ್ವಾಜಾ’ (1990) ನೋಡಿ ರಾತ್ರಿ ಬಚ್ಚಲಿಗೆ ಹೋಗಲು ಹೆದರಿದವರು. ಅದು ಡ್ರಾಕುಲಾ ಕಥೆಯನ್ನೇ ನಮ್ಮ ಕಡೆ ತಿರುಗಿಸಿಕೊಂಡ ಚಿತ್ರ. “ಆಗಿನ ದೆವ್ವ ದೆವ್ವದಂಗಿತ್ತು. ಈಗಿನವು ಹಾಡಿಗೆ ಕುಣೀತಾವ” ಅನ್ನೋದು ಅವರ ತಕರಾರು.

ಚಿಕ್ಕಪ್ಪನ ಮಾತು ಪೂರ್ತಿ ಸರಿ ಅಲ್ಲ. ರಾಮ್ಸೆ ಚಿತ್ರಗಳಲ್ಲೂ ಹಾಸ್ಯ ಇತ್ತು. ‘ಪುರಾನಾ ಮಂದಿರ್’ (1984) ಚಿತ್ರದಲ್ಲಿ ಜಗದೀಪ್ ಅವರು ‘ಶೋಲೆ’ಯನ್ನು ಅಣಕಿಸುವ ಹಾಸ್ಯದ ಭಾಗವೇ ಬೇರೆ ಇದೆ. ಆದರೆ ಅದು ಬೇರೆ ಡಬ್ಬಿ. ನಗುವ ಹೊತ್ತಿಗೆ ದೆವ್ವ ಇಲ್ಲ, ದೆವ್ವ ಬಂದಾಗ ನಗು ಇಲ್ಲ. ಈಗಿನವರು ಎರಡನ್ನೂ ಒಂದೇ ದೃಶ್ಯದಲ್ಲಿ ಕಲೆಸುತ್ತಾರೆ. ಚಿಕ್ಕಪ್ಪನಿಗೆ ಹಿಡಿಸದೇ ಇರುವುದು ನಗು ಅಲ್ಲ, ಕಲಬೆರಕೆ.

4. ಮೂರನೇ ಅಭಿಪ್ರಾಯ: ‘ಇದು ಬೇತಾಳ ಅಲ್ಲ’

ಮಾಲಿನ ಹೊರಗೆ ಹಾಕಿದ ದೊಡ್ಡ ಚಿತ್ರಪಟದ ಮೇಲೆ ಇಂಗ್ಲಿಷ್ ಅಕ್ಷರ ನೋಡಿ ನಾನು ‘ಥಮ್ಮಾ’ ಅಂತ ಓದಿದೆ. ಅಜ್ಜಿ ಕೂಡಲೇ, “ಯಾರ ತಮ್ಮನೋ?” ಅಂದರು. ನಾವೆಲ್ಲ ನಕ್ಕೆವು. ಇಡೀ ದಿನ ನಮಗೆ ಸಿಕ್ಕ ಅಪ್ಪಟ ಕನ್ನಡ ನಗೆ ಅದೊಂದೇ.

ಚಿತ್ರ ನೋಡಿ ಬಂದ ಮೇಲೆ ಅಜ್ಜಿಯನ್ನು ಕೇಳಿದೆ. “ಅಲ್ಲೋ ತಮ್ಮಾ, ಬೇತಾಳ ಅಂದ್ರ ಹೆಗಲ ಮ್ಯಾಲ ಕುಂತು ಕಥಿ ಹೇಳೂದು. ಕಡೀಗೆ ಒಂದು ಪ್ರಶ್ನಿ ಕೇಳೂದು. ಇದು ಬರೇ ಕುಸ್ತಿ ಹಿಡೀತೈತಿ. ಇದು ಬೇತಾಳ ಅಲ್ಲ, ಬ್ಯಾರೆ ಏನೋ ಐತಿ” ಅಂದರು.

ಅಜ್ಜಿ ಹೇಳಿದ್ದು ಎಷ್ಟು ಸರಿ ಅಂತ ನನಗೆ ತಿಳಿದದ್ದು ಆಮೇಲೆ ಓದಿದಾಗ. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ಇಪ್ಪತ್ತೈದು ಕಥೆಗಳಿವೆ. ಬೇತಾಳ ಸ್ಮಶಾನದ ಶವದೊಳಗೆ ಸೇರಿಕೊಂಡಿರುವ ಭೂತ. ಅದರ ನೇಮ ಸ್ಪಷ್ಟ: ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಒಡೆಯುತ್ತದೆ, ಹೇಳಿದರೆ ಬೇತಾಳ ಮತ್ತೆ ಮರಕ್ಕೆ ಹೋಗುತ್ತದೆ. ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ಹೊಳೆಯುವುದಿಲ್ಲ, ಸುಮ್ಮನಿರುತ್ತಾನೆ. ಆಗ ಬೇತಾಳವೇ ಮೆಚ್ಚಿ, ಕಪಟ ಸನ್ಯಾಸಿಯಿಂದ ಅವನ ಜೀವ ಉಳಿಸುವ ಉಪಾಯ ಹೇಳುತ್ತದೆ. ಅಂದರೆ ಬೇತಾಳ ಮೇಷ್ಟ್ರಿದ್ದ ಹಾಗೆ. ಕಾಡುತ್ತದೆ, ಪರೀಕ್ಷೆ ಮಾಡುತ್ತದೆ, ಕೈ ಬಿಡುವುದಿಲ್ಲ. ಕನ್ನಡದ ಹಿರಿಯರಿಗೆ ಇದು ‘ಚಂದಮಾಮ’ದಿಂದ ಗೊತ್ತು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದ ರಾಜನ ಆ ಚಿತ್ರ ಬರೆದ ಕಲಾವಿದ ಶಂಕರ್ 2020ರಲ್ಲಿ ತೀರಿಕೊಂಡರು. 1985ರಲ್ಲಿ ದೂರದರ್ಶನದಲ್ಲಿ ‘ವಿಕ್ರಮ್ ಔರ್ ಬೇತಾಳ್’ ಬಂದಿತು.

ಹಾಗಾದರೆ ಬೇತಾಳ ರಕ್ತ ಹೀರುವ ವ್ಯಾಂಪೈರ್ ಆದದ್ದು ಯಾವಾಗ? ಹೆಸರಿನ ಮಟ್ಟಿಗೆ ಹೇಳುವುದಾದರೆ 1870ರಲ್ಲಿ. ರಿಚರ್ಡ್ ಬರ್ಟನ್ ಎಂಬ ಇಂಗ್ಲಿಷರವನು ಈ ಕಥೆಗಳನ್ನು ತನ್ನ ರೀತಿಯಲ್ಲಿ ಇಂಗ್ಲಿಷಿಗೆ ತಂದು ‘ವಿಕ್ರಮ್ ಅಂಡ್ ದಿ ವ್ಯಾಂಪೈರ್’ ಅಂತ ಹೆಸರಿಟ್ಟ. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿ ಬಂದದ್ದು 27 ವರ್ಷದ ಮೇಲೆ, 1897ರಲ್ಲಿ. ಅನುವಾದದ ಒಂದು ಶಬ್ದದಲ್ಲಿ ಆದ ಹೊಂದಾಣಿಕೆ, ನೂರೈವತ್ತು ವರ್ಷದ ನಂತರ ಹಿಂದಿ ಸಿನಿಮಾದಲ್ಲಿ ಕೋರೆಹಲ್ಲು ಹೊತ್ತು ಬಂದಿದೆ. ಚಿತ್ರ ಮಾಡಿದವರದು ತಪ್ಪು ಅಂತ ನಾನು ಹೇಳುವುದಿಲ್ಲ. ಕಥೆ ಹೀಗೇ ಬೆಳೆಯುವುದು. ಆದರೆ ಅಜ್ಜಿಯ ಅಸಮಾಧಾನ ಹಳೆಯ ಕಾಲದವರ ಗೊಣಗಾಟ ಅಲ್ಲ, ಅದಕ್ಕೆ ಆಧಾರ ಇದೆ ಅಂತ ಮಾತ್ರ ಹೇಳುತ್ತೇನೆ.

5. ಹಾಸ್ಯಕ್ಕೂ ಭಯಕ್ಕೂ ಹಗೆಯೇ?

ಈಗ ಮೂರು ಅಭಿಪ್ರಾಯಗಳನ್ನೂ ಒಂದೆಡೆ ಇಟ್ಟು ನೋಡೋಣ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಓದುವ ನಮ್ಮ ಬಳಗದ ಸಾಹಿತ್ಯ ವಿದ್ಯಾರ್ಥಿಗಳಿಗೆ ರಸಗಳಲ್ಲಿ ಪರಸ್ಪರ ವಿರೋಧ ಉಂಟು ಅಂತ ಗೊತ್ತು. ವಿಶ್ವನಾಥನ ‘ಸಾಹಿತ್ಯದರ್ಪಣ’ದ ಪ್ರಕಾರ ಹಾಸ್ಯಕ್ಕೆ ವೈರಿಗಳು ಭಯಾನಕ ಮತ್ತು ಕರುಣ. ಹೆದರಿದವನಿಗೆ ನಗು ಬಾರದು, ನಗುವವನಿಗೆ ಹೆದರಿಕೆ ಇರದು. ಹಾಗೆ ನೋಡಿದರೆ ಈ ಜಾತಿಯ ಚಿತ್ರವೇ ಸಾಧ್ಯವಿಲ್ಲ!

ಆದರೆ ನಮ್ಮೂರ ದೊಡ್ಡಾಟದಲ್ಲಿ ಅದು ಸಾಧ್ಯವಾಗಿದ್ದನ್ನು ನಾನು ಚಿಕ್ಕವನಿದ್ದಾಗ ಕಣ್ಣಾರೆ ಕಂಡಿದ್ದೇನೆ. ರಾಕ್ಷಸ ಪಾತ್ರ ಅಟ್ಟ ನಡುಗುವ ಹಾಗೆ ಕುಣಿಯುತ್ತ ಬರುತ್ತದೆ. ಮಕ್ಕಳು ತಾಯಿಯ ಸೆರಗು ಹಿಡಿಯುತ್ತಾರೆ. ಆಗ ಸಾರಥಿ ಮುಂದೆ ಬಂದು, ‘ತಾವು ಯಾರು, ಎಲ್ಲಿಂದ ಬಂದಿರಿ’ ಅಂತ ಕೇಳುವ ನೆಪದಲ್ಲಿ ತಮಾಷೆ ಶುರು ಮಾಡುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಗಮನಿಸಬೇಕಾದದ್ದು ಏನೆಂದರೆ ರಾಕ್ಷಸ ನಗುವುದಿಲ್ಲ. ಅವನು ತನ್ನ ಗತ್ತು ಬಿಡುವುದಿಲ್ಲ. ನಗುವೆಲ್ಲ ಸಾರಥಿಯದು, ಅಂದರೆ ನಮ್ಮಂಥ ಮನುಷ್ಯನದು.

ಪಶ್ಚಿಮದಲ್ಲೂ ಹೀಗೇ ಆಗಿದೆ. 1931ರ ‘ಡ್ರಾಕುಲಾ’ ಚಿತ್ರದಲ್ಲಿ ಜನರನ್ನು ಹೆದರಿಸಿದ ಬೆಲಾ ಲುಗೋಸಿ, 1948ರಲ್ಲಿ ಅಬಾಟ್ ಮತ್ತು ಕಾಸ್ಟೆಲೊ ಜೋಡಿಯ ಹಾಸ್ಯಚಿತ್ರದಲ್ಲಿ ಮತ್ತೆ ಡ್ರಾಕುಲಾ ಆಗಿ ಬಂದ. ಕೋಡಂಗಿ ಆಟ ಆಡಲಿಲ್ಲ, ಗಂಭೀರವಾಗಿಯೇ ನಟಿಸಿದ. ಅವನನ್ನು ಕಂಡು ತಡವರಿಸಿದ ಜೋಡಿಯೇ ನಗಿಸಿತು.

ಇನ್ನೊಂದು ಅಂಶ ನೇಮದ್ದು. ವ್ಯಾಂಪೈರಿಗೆ ಕನ್ನಡಿಯಲ್ಲಿ ನೆರಳು ಕಾಣದು, ಬೆಳ್ಳುಳ್ಳಿ ಆಗದು. ಬಿಸಿಲಿಗೆ ಸಾಯುತ್ತದೆ ಅನ್ನೋದು ಸ್ಟೋಕರನ ಕಾದಂಬರಿಯಲ್ಲಿ ಇಲ್ಲ, ಅದನ್ನು ಸೇರಿಸಿದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’. ನೇಮ ಗೊತ್ತಿದ್ದವರಿಗೆ ಮಾತ್ರ ಅದರ ಮೇಲಿನ ತಮಾಷೆ ತಿಳಿಯುತ್ತದೆ. ನಮ್ಮ ಕಡೆ ದಿನಾ ರೊಟ್ಟಿಯ ಜೊತೆ ಬೆಳ್ಳುಳ್ಳಿ ಚಟ್ನಿ ತಿನ್ನುವ ಮನೆಗಳಿಗೆ ವ್ಯಾಂಪೈರ್ ಕಾಲಿಡಲಾರದು. ಬೆಳ್ಳುಳ್ಳಿ ಮುಟ್ಟದ ಮನೆಗಳು ಎಷ್ಟೋ ಇರುವ ಗುಜರಾತಿನಲ್ಲಿ ಅದಕ್ಕೆ ಪರಮ ಅನುಕೂಲ! ಇದನ್ನು ಇಲ್ಲಿಯ ಗೆಳೆಯರಿಗೆ ಹೇಳಿದರೆ ಕೆಲವರು ನಕ್ಕರು, ಕೆಲವರು ‘ಯಾಕೆ?’ ಅಂದರು.

ನಮ್ಮದೇ ನೇಮ ನೋಡಿ. 1990ರ ದಶಕದಲ್ಲಿ ಬೆಂಗಳೂರಿನ ಓಣಿಗಳಲ್ಲಿ ಒಂದು ದೆವ್ವ ರಾತ್ರಿ ಬಂದು ಗುರುತಿನವರ ದನಿಯಲ್ಲಿ ಕರೆಯುತ್ತದೆ ಅಂತ ಗುಲ್ಲು ಎದ್ದಿತ್ತು. ಜನ ಬಾಗಿಲಿಗೆ ‘ನಾಳೆ ಬಾ’ ಅಂತ ಬರೆದರು. ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ಮೇಲಾಗಿ ಹೇಳಿದ ಮಾತು ಕೇಳುತ್ತಿತ್ತು! ಹೆದರಿದವರೇ ಕಂಡುಕೊಂಡ ಈ ಉಪಾಯದಲ್ಲಿ ನಗುವೂ ಅಡಗಿತ್ತು. ಇದೇ ಕಥೆ ಮಧ್ಯಪ್ರದೇಶದ ಚಂದೇರಿಗೆ ಹೋಗಿ ‘ಸ್ತ್ರೀ’ ಚಿತ್ರದ ಗೋಡೆಬರಹವಾಯಿತು.

ಆದ್ದರಿಂದ ನನ್ನ ತೀರ್ಮಾನ ಇದು: ದೆವ್ವ ತನ್ನ ನೇಮ ಬಿಡಬಾರದು, ಮನುಷ್ಯ ಎಡವಬೇಕು. ಆಗ ಎರಡೂ ರಸ ಒಂದೇ ಎಲೆಯಲ್ಲಿ ಕೂರುತ್ತವೆ. ‘ಥಾಮಾ’ದಲ್ಲಿ ಪರೇಶ್ ರಾವಲ್ ಮಗನನ್ನು ಸಂಶಯದಿಂದ ನೋಡುವಾಗ ಎಲ್ಲರೂ ನಕ್ಕರು: ಚಿಕ್ಕಪ್ಪ, ಗೆಳೆಯ, ಅಜ್ಜಿ, ನಾನು. ಯಕ್ಷಾಸನ್ ತಾನೇ ಜೋಕು ಹೊಡೆಯುವಾಗ ನಮ್ಮ ಸಾಲು ಒಡೆಯಿತು. ಗೆಳೆಯ ನಕ್ಕ. ಚಿಕ್ಕಪ್ಪ ಗಡಿಯಾರ ನೋಡಿದರು.

6. ಮಾಸಿ ಹೇಳಿದ್ದು

ಇಲ್ಲಿಗೆ ಲೇಖನ ಮುಗಿಸಬೇಕೆಂದಿದ್ದೆ. ಆದರೆ ಒಂದು ಘಟನೆ ನನ್ನ ಲೆಕ್ಕ ತಪ್ಪು ಅಂತ ತೋರಿಸಿತು.

ಚಿತ್ರ ನೋಡಿದ ಮಾರನೆಯ ದಿನ ಚಿಕ್ಕಪ್ಪನ ಮಗಳು ತಲೆಗೆ ನೀರು ಹಾಕಿಕೊಂಡು ಕೂದಲು ಬಿಟ್ಟು ಓಡಾಡುತ್ತಿದ್ದಳು. ನಾನು ತಮಾಷೆಗೆ “ನೋಡು, ಡಾಕಣ್ ಬಂತು!” ಅಂದೆ. ಡಾಕಣ್ ಅಂದರೆ ಗುಜರಾತಿಯಲ್ಲಿ ಮಾಟಗಾತಿ, ರಕ್ತ ಹೀರುವವಳು, ಕರುಳು ಕಾಳಿಜ ತಿನ್ನುವವಳು. ಅಡುಗೆಗೆ ಬರುವ ಮಾಸಿ ತರಕಾರಿ ಹೆಚ್ಚುತ್ತಿದ್ದರು. ಛೋಟಾ ಉದೇಪುರದ ಕಡೆಯವರು. ಚಾಕು ಕೆಳಗಿಟ್ಟು, “ಬೇಟಾ, ಆ ಶಬ್ದ ಆಡಬೇಡ” ಅಂದರು. ಯಾಕೆ ಅಂದೆ, ಇನ್ನೂ ನಗುತ್ತಲೇ. ಅವರ ಊರಲ್ಲಿ ಒಬ್ಬ ವಿಧವೆಗೆ ಹಾಗೆ ಹೆಸರು ಬಿತ್ತಂತೆ. ಯಾರದೋ ಮಗುವಿಗೆ ಜ್ವರ ಬಂತು, ಯಾರದೋ ಎಮ್ಮೆ ಸತ್ತಿತು, ಎಲ್ಲ ಆಕೆಯ ತಲೆಗೆ. ಕೊನೆಗೆ ಆಕೆ ಹೊಲ ಮನೆ ಬಿಟ್ಟು ಹೋದಳಂತೆ. “ಹೊಲ ಯಾರಿಗೆ ಹೋಯಿತು ಮಾಸಿ?” ಅಂತ ಕೇಳಿದೆ. “ಹೆಸರಿಟ್ಟವರಿಗೇ” ಅಂದು ಮಾಸಿ ಮತ್ತೆ ಚಾಕು ಎತ್ತಿಕೊಂಡರು.

ನನ್ನ ನಗು ಅಲ್ಲೇ ನಿಂತಿತು. ನಮ್ಮ ಗೆಳೆಯ ‘ಅದು ಬೇರೆ, ಇದು ಬೇರೆ’ ಅಂದಿದ್ದನಲ್ಲ? ಮಾಸಿಗೆ ಅದು ಬೇರೆ ಅಲ್ಲ. ಯುರೋಪಿನ ವ್ಯಾಂಪೈರ್ ಕೋಟೆಯಲ್ಲಿರುವ ಶ್ರೀಮಂತ. ಅವನನ್ನು ನೋಡಿ ನಕ್ಕರೆ ಯಾರಿಗೂ ನಷ್ಟವಿಲ್ಲ. ಆದರೆ ನಮ್ಮ ನೆಲದಲ್ಲಿ ‘ರಕ್ತ ಹೀರುವವಳು’ ಅನ್ನೋದು ಪಕ್ಕದ ಮನೆಯ ಬಡ ಹೆಂಗಸಿನ ಮೇಲೆ ಹೊರಿಸುವ ಆಪಾದನೆ. ಇದು ಇಂದಿಗೂ ಮುಗಿದಿಲ್ಲ. ಕರ್ನಾಟಕ ಮಾಟ ಮಂತ್ರ ಮತ್ತು ಅಮಾನುಷ ಆಚರಣೆಗಳ ವಿರುದ್ಧ 2017ರಲ್ಲಿ ಕಾಯಿದೆ ಮಾಡಿತು. ಗುಜರಾತ್ ವಿಧಾನಸಭೆ ಅಂಥದೇ ಕಾಯಿದೆಯನ್ನು 2024ರಲ್ಲಿ ಒಪ್ಪಿತು. ಬರೀ ಕಥೆಯಾಗಿದ್ದರೆ ಎರಡು ರಾಜ್ಯಗಳಿಗೆ ಕಾಯಿದೆ ಬೇಕಾಗುತ್ತಿರಲಿಲ್ಲ.

ಹಾಗಾದರೆ ಇಂಥ ಚಿತ್ರ ಮಾಡಲೇಬಾರದೇ? ಹಾಗಲ್ಲ. 2025ರ ಜುಲೈ 25ರಂದು ಬಿಡುಗಡೆಯಾದ ಜೆ.ಪಿ. ತುಮಿನಾಡ್ ಅವರ ಕನ್ನಡ ಚಿತ್ರ ‘ಸು ಫ್ರಮ್ ಸೋ’ ನೆನೆಯಿರಿ. ಕರಾವಳಿಯ ಒಂದು ಹಳ್ಳಿಯಲ್ಲಿ ಅಶೋಕ ಎಂಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರೇ ನಂಬುತ್ತದೆ. ನಾವು ನಕ್ಕು ಸುಸ್ತಾಗುತ್ತೇವೆ. ಆದರೆ ಆ ಸತ್ತ ಸುಲೋಚನಾಳ ಮಗಳು ಭಾನು ಎದುರಿಗೆ ಬಂದಾಗ, ‘ಈ ಹೆಸರು ಒಬ್ಬರ ತಾಯಿಯದು’ ಅಂತ ನಮಗೂ ಆ ಊರಿಗೂ ಒಟ್ಟಿಗೇ ಹೊಳೆಯುತ್ತದೆ. ಅಲ್ಲಿ ನಗುವಿಗೆ ಗುರಿ ಹೆಂಗಸಲ್ಲ, ಗುಲ್ಲು ನಂಬಿ ಓಡಾಡುವ ನಾವು. ಸಾರಥಿ ಮಾಡುತ್ತಿದ್ದ ಕೆಲಸವೇ ಇದು.

7. ಅಭಿಪ್ರಾಯ ಬರೆಯುವವರಿಗೆ

ಒಟ್ಟಿನಲ್ಲಿ, ಮುಂದಿನ ಸಲ ಇಂಥ ಚಿತ್ರ ನೋಡಿ ಬಂದು ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಅನ್ನುವ ಮೊದಲು ಗೆಳೆಯರು ಮೂರು ಪ್ರಶ್ನೆ ಕೇಳಿಕೊಳ್ಳಬೇಕು ಅಂತ ನನ್ನ ಸೂಚನೆ.

ಒಂದು, ಈ ದೆವ್ವ ಎಲ್ಲಿಯದು? ನಮ್ಮ ಮನೆಯಲ್ಲಿ ಕೇಳಿದ ದೆವ್ವವೇ, ಹೆಸರು ಮಾತ್ರ ನಮ್ಮದೇ?

ಎರಡು, ಅದು ತನ್ನ ನೇಮಕ್ಕೆ ಬದ್ಧವಾಗಿದೆಯೇ?

ಮೂರು, ನಗು ಯಾರ ಮೇಲೆ? ಆ ನಗುವಿನ ಖರ್ಚು ಯಾರ ಖಾತೆಗೆ ಬೀಳುತ್ತದೆ?

‘ಥಾಮಾ’ಕ್ಕೆ ಈ ಮೂರನ್ನೂ ಹಾಕಿ ನೋಡಿದರೆ, ಮೊದಲನೆಯದರಲ್ಲಿ ಅಜ್ಜಿಗೆ ಜಯ, ಎರಡನೆಯದರಲ್ಲಿ ಚಿಕ್ಕಪ್ಪನಿಗೆ ಅರ್ಧ ಜಯ. ಮೂರನೆಯದರಲ್ಲಿ ಚಿತ್ರಕ್ಕೆ ಮೆಚ್ಚುಗೆ ಹೇಳಬೇಕು. ರಕ್ತ ಕುಡಿಯುವ ಕುಲದ ಹೆಣ್ಣನ್ನು ಅದು ಮಾಟಗಾತಿ ಮಾಡಿ ಹೊಡೆಸುವುದಿಲ್ಲ, ಪ್ರೀತಿಸುವವಳನ್ನಾಗಿ ಮಾಡಿದೆ. ಮೂರನೆಯದರಲ್ಲಿ ಸೋತವನು ನಾನು. ಮನೆಯಲ್ಲಿ ಆ ಶಬ್ದ ಆಡಿದವನು ನಾನೇ.

ಚಿಕ್ಕಪ್ಪನ ಮಗಳು ಗುಜರಾತಿ ಮಾಧ್ಯಮದಲ್ಲಿ ಓದುವವಳು, ಕನ್ನಡ ಅಕ್ಷರ ಬಾರದು. ಆದರೆ ‘ನಿಜವಾದ ಬೇತಾಳ’ದ ಕಥೆ ಹೇಳು ಅಂತ ಈಗ ದಿನಾ ರಾತ್ರಿ ಅಜ್ಜಿಗೆ ಗಂಟು ಬೀಳುತ್ತಾಳೆ. ಅಜ್ಜಿ ಕನ್ನಡದಲ್ಲಿ ಕೇಳುತ್ತಾರೆ, ಅವಳು ಅರ್ಧ ಗುಜರಾತಿಯಲ್ಲಿ ಉತ್ತರ ಹೇಳುತ್ತಾಳೆ, ಬೇತಾಳ ಮರಕ್ಕೆ ಹೋಗುತ್ತದೆ. ಮೊನ್ನೆ ಮಾಸಿಯೂ ಪಾತ್ರೆ ಒರೆಸುತ್ತ ನಿಂತು ಕೇಳಿದರು. ಭಾಷೆ ಎಷ್ಟು ತಿಳಿಯಿತೋ, ಕೊನೆಗೆ ಎಲ್ಲರ ಜೊತೆ ನಕ್ಕರು.

ಬರೆದದ್ದರಲ್ಲಿ ತಪ್ಪಿದ್ದರೆ ಸಾಹಿತ್ಯ ವಿಭಾಗದ ಗೆಳೆಯರು ತಿದ್ದಬೇಕು. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಬೇಕು. ವಚನ ಸಾಹಿತ್ಯದ ಚರ್ಚೆ ಬರುವ ಸಭೆಗೆ ಖಂಡಿತ ನಡೆಯುತ್ತದೆ ಅಂತ ಸಂಪಾದಕರು ತಿಳಿಸಿದ್ದಾರೆ.